ಪೇ-ಪರ್-ವ್ಯೂ ಬಾಕ್ಸಿಂಗ್: 40 ಕೋಟಿ ಡಾಲರ್‌ನಲ್ಲಿ ಬಾಕ್ಸರ್ ಕೈಗೆ ಎಷ್ಟು?

ಪ್ರಶ್ನೆ: ನಮಸ್ಕಾರ ಮೇಡಂ. ನೀವು ಕ್ರೀಡಾಪಟುಗಳ ಒಪ್ಪಂದ, ತೆರಿಗೆ ಲೆಕ್ಕ ನೋಡುತ್ತೀರಿ ಅಂತ ಗುಂಪಿನಲ್ಲಿ ಹೇಳಿದ್ದರು, ಅದಕ್ಕೇ ಕೇಳ್ತಿದೀನಿ. 2015ರ ಮೇವೆದರ್–ಪ್ಯಾಕಿಯಾವ್ ಫೈಟ್ ಅನ್ನು 46 ಲಕ್ಷ ಜನ ಪೇ-ಪರ್-ವ್ಯೂನಲ್ಲಿ, ಅಂದರೆ ಟಿವಿಯಲ್ಲಿ ಆ ಒಂದು ಫೈಟ್‌ಗೇ ಅಂತ ಬೇರೆ ದುಡ್ಡು ಕೊಟ್ಟು ನೋಡಿದರು. ಒಂದಕ್ಕೆ 90ರಿಂದ 100 ಡಾಲರ್. ಅಂದರೆ 40 ಕೋಟಿ ಡಾಲರ್‌ಗೂ ಜಾಸ್ತಿ. ಹಂಚಿಕೆ 60–40. ಹಾಗಾದರೆ ಟಿವಿಯಿಂದಲೇ ಮೇವೆದರ್‌ಗೆ 24 ಕೋಟಿ, ಪ್ಯಾಕಿಯಾವ್‌ಗೆ 16 ಕೋಟಿ ಬಂದಿರಬೇಕು ಅಲ್ವಾ? ಸ್ನೇಹಿತರ ಹತ್ತಿರ ಪಂಥ ಕಟ್ಟಿದ್ದೇನೆ.

ಉತ್ತರ: ಪಂಥದ ದುಡ್ಡು ತೆಗೆದಿಡಿ ಸರ್, ಸೋತಿದ್ದೀರಿ. 60–40 ಅನ್ನೋದು ನಿಜ. ಆದರೆ ಆ ಹಂಚಿಕೆ 40 ಕೋಟಿಯ ಮೇಲೆ ಅಲ್ಲ, ಎಲ್ಲರೂ ತಮ್ಮ ತಮ್ಮದು ಮುರಿದುಕೊಂಡ ಮೇಲೆ ಉಳಿದದ್ದರ ಮೇಲೆ. ಮೊದಲೇ ಹೇಳಿಬಿಡುತ್ತೇನೆ, 46 ಲಕ್ಷ ಅನ್ನೋದು ಜನ ಅಲ್ಲ, ಖರೀದಿ. ಒಂದು ಮನೆಯಲ್ಲಿ ಹದಿನೈದು ಜನ ಕೂತು ನೋಡಿದರೂ ಲೆಕ್ಕ ಒಂದೇ.

ದುಡ್ಡು ಮೊದಲು ಬೀಳುವುದು ಕೇಬಲ್ ಅಥವಾ ಡಿಶ್ ಕಂಪನಿಯ ಕೈಗೆ. ಗ್ರಾಹಕರ ಬಿಲ್ ಅವರದೇ ತಾನೆ? ಆ ಕಾಲದ ವಾಡಿಕೆಯಂತೆ ಹೆಚ್ಚುಕಮ್ಮಿ ಅರ್ಧ ಅವರೇ ಇಟ್ಟುಕೊಳ್ಳುತ್ತಿದ್ದರು. ಫೈಟ್ ಮಾಡಿಸಿದವರೂ ಅಲ್ಲ, ಏಟು ತಿಂದವರೂ ಅಲ್ಲ, ಆದರೂ ದೊಡ್ಡ ತುಂಡು ಅವರದೇ! ಈ ಫೈಟ್‌ನಲ್ಲಿ ಮಾತ್ರ ಪ್ರಮೋಟರ್‌ಗಳು, ಅಂದರೆ ಫೈಟ್ ಏರ್ಪಡಿಸಿದವರು, ಅರ್ಧ ಕೊಡಲು ಒಪ್ಪಲಿಲ್ಲ. ಎಳೆದಾಟ ಆಗಿ ಕೇಬಲ್‌ನವರ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು.

ಎರಡನೆಯದು ಚಾನೆಲ್. ಕ್ಯಾಮೆರಾ, ಕಾಮೆಂಟರಿ, ಪ್ರಚಾರ, ಕೇಬಲ್ ಕಂಪನಿಗಳ ಜೊತೆ ವ್ಯವಹಾರ, ಇದಕ್ಕೆಲ್ಲ ಒಂದು ಫೀ, ಸಾಮಾನ್ಯವಾಗಿ ಶೇ 10ರ ಒಳಗೆ. ಮೇವೆದರ್ ಶೋಟೈಮ್ ಕಡೆ, ಪ್ಯಾಕಿಯಾವ್ ಎಚ್‌ಬಿಒ ಕಡೆ ಇದ್ದದ್ದರಿಂದ ಆವತ್ತು ಎರಡೂ ಸೇರಿಯೇ ತೋರಿಸಬೇಕಾಯಿತು.

ಮೂರನೆಯದು ಪ್ರಮೋಟರ್ ಖರ್ಚು. ಜಾಹೀರಾತು, ಪ್ರಯಾಣ, ಹೋಟೆಲ್, ವಿಮೆ, ಅಂದು ಮೊದಲು ಆಡುವ ಸಣ್ಣ ಫೈಟ್‌ಗಳ ಬಾಕ್ಸರ್‌ಗಳ ಸಂಭಾವನೆ. ಅದರ ಮೇಲೆ ಅವರ ಲಾಭ. ಇಷ್ಟು ಕಳೆದ ಮೇಲೆ 60–40.

ಊಹೆಯ ಅಂಕಿ ಹಾಕಿ ತೋರಿಸುತ್ತೇನೆ. 100 ಡಾಲರ್‌ನಲ್ಲಿ ಕೇಬಲ್‌ಗೆ 50, ಚಾನೆಲ್‌ಗೆ 7, ಪ್ರಮೋಟರ್‌ಗೆ 13. ಉಳಿದದ್ದು 30. ಅದರಲ್ಲಿ ಒಬ್ಬನಿಗೆ 18, ಇನ್ನೊಬ್ಬನಿಗೆ 12. ಎಲ್ಲ ಒಪ್ಪಂದದಲ್ಲೂ ಈ ಅಂಕಿ ಬೇರೆ ಇರುತ್ತದೆ, ಕಳೆಯುವ ಕ್ರಮ ಹೆಚ್ಚುಕಮ್ಮಿ ಇದೇ. ಫೈಟ್ ನಡೆದ ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್‌ನ ಟಿಕೆಟ್ ದುಡ್ಡು, ಸುಮಾರು 7.2 ಕೋಟಿ ಡಾಲರ್, ಬೇರೆ ಗಂಟು. ವಿದೇಶಿ ಟಿವಿ ಹಕ್ಕು ಇನ್ನೊಂದು. ಎಲ್ಲಾ ಗಂಟು ಸೇರಿದ ಮೇಲೆ ಮೇವೆದರ್ ಗಳಿಕೆ 20 ಕೋಟಿ ಡಾಲರ್ ದಾಟಿತು, ಪ್ಯಾಕಿಯಾವ್‌ದು 10 ಕೋಟಿ ದಾಟಿತು ಅಂತ ವರದಿಯಾಯಿತು.

ಪ್ರಶ್ನೆ (ಅದೇ ಸದಸ್ಯರು): ಪಂಥ ಹೋಯ್ತು ಬಿಡಿ. ಆದರೆ ಆ 12 ಡಾಲರ್ ಆದರೂ ಬಾಕ್ಸರ್ ಜೇಬಿಗೆ ನೇರ ಬರುತ್ತಾ?

ಉತ್ತರ: ಎಲ್ಲಿ ಬರುತ್ತೆ! ಮ್ಯಾನೇಜರ್ ಇದ್ದಾನೆ. ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದಲ್ಲಿ ಆತ ಮೂರನೇ ಒಂದಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಅಂತ ನಿಯಮ. ನಿಯಮವೇ ಅಷ್ಟು ದೂರ ಬಿಟ್ಟಿದೆ ನೋಡಿ. ಕೋಚ್‌ಗೆ ವಾಡಿಕೆಯಂತೆ ಶೇ 10. ಬೆಲ್ಟ್‌ಗಾಗಿ, ಅಂದರೆ ಚಾಂಪಿಯನ್ ಪಟ್ಟಕ್ಕಾಗಿ, ಆಡಿದರೆ ಆ ಪಟ್ಟ ಕೊಡುವ ಸಂಸ್ಥೆಗೆ ಶುಲ್ಕ, ಸಾಮಾನ್ಯವಾಗಿ ಶೇ 3ರವರೆಗೆ. ಭಾರಿ ಮೊತ್ತವಾದರೆ ಅದಕ್ಕೊಂದು ಮಿತಿ ಹಾಕುತ್ತಾರೆ. ಇದನ್ನು ಕಟ್ಟದಿದ್ದರೆ ಬೆಲ್ಟ್ ಹೋಗುತ್ತದೆ. ಪ್ಯಾಕಿಯಾವ್ ವಿರುದ್ಧ ಗೆದ್ದ ಡಬ್ಲ್ಯುಬಿಒ ಅನ್ನೋ ಸಂಸ್ಥೆಯ ಬೆಲ್ಟ್ ಮೇವೆದರ್ ಕೈತಪ್ಪಿದ್ದು 2 ಲಕ್ಷ ಡಾಲರ್ ಶುಲ್ಕ ಕಟ್ಟದೇ ಇದ್ದದ್ದಕ್ಕೆ. ಗಳಿಸಿದ್ದಕ್ಕೆ ಹೋಲಿಸಿದರೆ ಅದು ಚಿಲ್ಲರೆ, ಆದರೂ ಕಟ್ಟಲಿಲ್ಲ. ಆ ಬೆಲ್ಟಿನಿಂದ ಆತನಿಗೆ ಒಂದು ಟಿಕೆಟ್ಟೂ ಜಾಸ್ತಿ ಮಾರಾಟ ಆಗುತ್ತಿರಲಿಲ್ಲ, ನನ್ನ ಪ್ರಕಾರ ಲೆಕ್ಕ ಸರಿಯೇ ಇತ್ತು.

ಆಮೇಲೆ ತೆರಿಗೆ. ಹೊರದೇಶದ ಬಾಕ್ಸರ್‌ ಅಮೆರಿಕದಲ್ಲಿ ಆಡಿದರೆ ಸಾಮಾನ್ಯವಾಗಿ ಶೇ 30 ಮೂಲದಲ್ಲೇ ಹಿಡಿಯುತ್ತಾರೆ. ಸ್ಪಾರಿಂಗ್ (ಅಭ್ಯಾಸದ ಗುದ್ದಾಟ) ಜೊತೆಗಾರರು, ತರಬೇತಿ ಶಿಬಿರ, ಊಟ, ಇವೆಲ್ಲ ಸ್ವಂತ ಖರ್ಚು.

ಪ್ರಶ್ನೆ (ಶಿವಮೊಗ್ಗದಿಂದ): ಇದು ನಮ್ಮ ಅಡಿಕೆ ಮಂಡಿಯ ಪಟ್ಟಿ ಇದ್ದಂಗೇ ಇದೆಯಲ್ಲ ಮೇಡಂ! ಆದರೆ ಮಂಡಿಯಲ್ಲಿ ತೂಕ ನಾವೇ ಎದುರಿಗೆ ನಿಂತು ನೋಡುತ್ತೇವೆ. ಇಲ್ಲಿ ಪ್ರಮೋಟರ್ ಖರ್ಚು ಉಬ್ಬಿಸಿ ಬರೆದರೆ ಬಾಕ್ಸರ್‌ಗೆ ಗೊತ್ತಾಗೋದು ಹೇಗೆ?

ಉತ್ತರ: ಒಳ್ಳೆ ಕಡೆ ಕೈ ಇಟ್ಟಿರಿ. ಜಗಳ ಆಗೋದೇ ಅಲ್ಲಿ. ಇದಕ್ಕೆಂದೇ ಅಮೆರಿಕದಲ್ಲಿ 2000ರಲ್ಲಿ ಮುಹಮ್ಮದ್ ಅಲಿ ಹೆಸರಿನ ಕಾಯ್ದೆ ಬಂತು. ದೊಡ್ಡ ಫೈಟ್‌ಗಳಲ್ಲಿ ಪ್ರಮೋಟರ್ ತನಗೆ ಎಷ್ಟು ಬಂತು, ಬಾಕ್ಸರ್ ಪಾಲಿನಿಂದ ಏನೇನು ಮುರಿದುಕೊಂಡ ಅಂತ ಬಾಕ್ಸರ್‌ಗೆ ತಿಳಿಸಲೇಬೇಕು. ಕಾಗದದಲ್ಲಿ ಚೆನ್ನಾಗಿದೆ. ಆದರೆ ಕೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಮುಂದಿನ ಫೈಟ್ ಕೊಡಿಸುವವನೂ ಅವನೇ ತಾನೆ!

ಹಾಗಾಗಿ ನಾನು ಒಪ್ಪಂದ ನೋಡುವಾಗ ಮೊದಲು ಶೇಕಡಾ ನೋಡುವುದಿಲ್ಲ. ‘ಖರ್ಚು’ ಅಂದರೆ ಏನೇನು ಅಂತ ಬರೆದಿದ್ದಾರೆಯೇ, ಅದಕ್ಕೆ ಮಿತಿ ಇದೆಯೇ, ಕೇಬಲ್ ಕಂಪನಿಯ ಮಾರಾಟ ವರದಿ ತರಿಸಿ ನೋಡುವ ಹಕ್ಕು ಇದೆಯೇ, ಇಷ್ಟು ನೋಡುತ್ತೇನೆ. ಖರ್ಚಿಗೆ ಮಿತಿ ಇಲ್ಲದ ಶೇ 40ಕ್ಕಿಂತ ಮಿತಿ ಇರುವ ಶೇ 30 ವಾಸಿ. ಕೇಬಲ್ ಕಂಪನಿಗಳು ನಿಧಾನಕ್ಕೆ ಲೆಕ್ಕ ಕೊಡುವುದರಿಂದ ಕೊನೆಯ ಕಂತು ಬರಲು ತಿಂಗಳುಗಟ್ಟಲೆ ಆಗುತ್ತದೆ. ಫೈಟ್ ರಾತ್ರಿ ಸಿಗುವುದು ಗ್ಯಾರಂಟಿ, ಅಂದರೆ ಮೊದಲೇ ಒಪ್ಪಿಕೊಂಡ ಮೊತ್ತ. ಮೇವೆದರ್ ಆವತ್ತು ಎಲ್ಲರಿಗೂ ತೋರಿಸಿದ 10 ಕೋಟಿ ಡಾಲರ್ ಚೆಕ್ ಬರೀ ಮೊದಲ ಕಂತು.

ಪತ್ರಿಕೆಯಲ್ಲಿ ಬರುವ ಮೊತ್ತವೂ ಸಾಮಾನ್ಯವಾಗಿ ಆ ರಾಜ್ಯದ ಬಾಕ್ಸಿಂಗ್ ಆಯೋಗಕ್ಕೆ ತಿಳಿಸಿದ ಗ್ಯಾರಂಟಿ ಅಷ್ಟೇ. 2013ರಲ್ಲಿ ಮೇವೆದರ್ ಎದುರು ಆಡಿದ ಬಾಕ್ಸರ್ ಕನೆಲೊಗೆ 50 ಲಕ್ಷ ಡಾಲರ್, ಮೇವೆದರ್‌ಗೆ 4.15 ಕೋಟಿ ಡಾಲರ್ ಅಂತ ಬಂದಿತ್ತು. ಟಿವಿ ಪಾಲು ಅದರಲ್ಲಿ ಇರಲಿಲ್ಲ.

ಪ್ರಶ್ನೆ: ಮೇವೆದರ್‌ಗೇ ಯಾಕೆ ಅಷ್ಟು ದೊಡ್ಡ ಪಾಲು?

ಉತ್ತರ: ಜನ ಅವನನ್ನು ನೋಡಲು, ಅದರಲ್ಲೂ ಅವನು ಸೋಲುವುದನ್ನು ನೋಡಲು ದುಡ್ಡು ಕೊಡುತ್ತಿದ್ದರು. ಇನ್ನೊಂದು ಕಾರಣ, 2006ರಲ್ಲಿ ಆತ 7.5 ಲಕ್ಷ ಡಾಲರ್ ಕೊಟ್ಟು ಟಾಪ್ ರ‍್ಯಾಂಕ್ ಎಂಬ ಪ್ರಮೋಟರ್ ಕಂಪನಿಯ ಒಪ್ಪಂದದಿಂದ ಬಿಡಿಸಿಕೊಂಡ. ಮುಂದೆ ತನ್ನದೇ ಕಂಪನಿ ಕಟ್ಟಿ ಪ್ರಮೋಟರ್ ಕುರ್ಚಿಯಲ್ಲೂ ತಾನೇ ಕೂತ. 2007ರಲ್ಲಿ ಡೆ ಲಾ ಹೋಯಾ ಎದುರು ಗೆದ್ದವನು ಮೇವೆದರ್. ಆದರೂ ಜಾಸ್ತಿ ದುಡ್ಡು ಸೋತ ಡೆ ಲಾ ಹೋಯಾಗೇ, ಯಾಕೆಂದರೆ ಜನ ಸೆಳೆಯುವ ಹೆಸರೂ ಪ್ರಮೋಟರ್ ಕಂಪನಿಯೂ ಅವನದೇ. ಪಾಠ ಅಲ್ಲೇ ಸಿಕ್ಕಿರಬೇಕು.

ಪ್ರಶ್ನೆ: 2024ರಲ್ಲಿ ಟೈಸನ್–ಜೇಕ್ ಪಾಲ್ ದಿನ ನಮ್ಮ ನೀರಜ್ ಗೋಯತ್ ಆಡಿದ್ದರಲ್ಲ, ಅವರಿಗೂ ಈ ಥರ ಪಾಲು ಬಂತಾ?

ಉತ್ತರ: ಅದು ಪೇ-ಪರ್-ವ್ಯೂ ಅಲ್ಲವೇ ಅಲ್ಲ. ನೆಟ್‌ಫ್ಲಿಕ್ಸ್ ಚಂದಾ ಇದ್ದವರೆಲ್ಲ ಬೇರೆ ದುಡ್ಡು ಕೊಡದೆ ನೋಡಿದರು. ಫೈಟ್‌ ಲೆಕ್ಕದಲ್ಲಿ ಖರೀದಿಯೇ ಇಲ್ಲದ ಮೇಲೆ ಅದರಲ್ಲಿ ಪಾಲು ಹೇಗೆ ಬರುತ್ತೆ? ಪೇ-ಪರ್-ವ್ಯೂ ಆಗಿದ್ದರೂ ಮೊದಲ ಫೈಟ್‌ಗಳವರಿಗೆ ಸಾಮಾನ್ಯವಾಗಿ ಇಂತಿಷ್ಟು ಅಂತ ಗೊತ್ತುಮಾಡಿದ ಮೊತ್ತವೇ. ಪಾಲು ಕೇಳುವ ತಾಕತ್ತು ಪೋಸ್ಟರ್ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರಿರುವ ಇಬ್ಬರಿಗೆ ಮಾತ್ರ, ಕೆಲವು ಸಲ ಒಬ್ಬನಿಗೇ.