ಈಜಿಆರ್‌ಗೆ ತಗಡು ಹಾಕಿ ಮುಚ್ಚಿದರೆ ಡೀಸೆಲ್ ಗಾಡಿಗೆ ಏನಾಗುತ್ತದೆ?

ಪ್ರಶ್ನೆ (ಟ್ಯಾಕ್ಸಿ ಮಾಲೀಕರು, ಗಂಗಾವತಿ): ನಮಸ್ಕಾರ್ರಿ ಸರ್. 2018ರ ಬಿಎಸ್4 ಗಾಡಿ, 1.3 ಲೀಟರ್ ಡೀಸೆಲ್, 1,60,000 ಕಿ.ಮೀ. ಓಡೈತಿ. 2,000 ಆರ್‌ಪಿಎಂ ಆಸುಪಾಸು ಎಳೆತ ಇಲ್ಲ, ರೇಸ್ ಕೊಟ್ರ ಕರಿ ಹೊಗಿ, ಚೆಕ್ ಲೈಟ್ ಹತ್ತೈತಿ. ಸ್ಕ್ಯಾನರ್‌ನಾಗ ಪಿ0401 ಬಂತು. ಮೆಕ್ಯಾನಿಕ್ ಒಬ್ರು ‘ಈಜಿಆರ್ ಪೈಪಿಗೆ ತಗಡು ಹಾಕಿ ಬಂದ್ ಮಾಡೋಣ, ಪಿಕಪ್ಪೂ ಬರತೈತಿ, ಮೈಲೇಜೂ ಬರತೈತಿ’ ಅಂತಾರ. ಹಾಕಿಸಬಹುದೇನ್ರಿ?

ಉತ್ತರ (ಡೀಸೆಲ್ ಇಂಜೆಕ್ಷನ್ ಕೆಲಸ, ಬಳ್ಳಾರಿ): ಹಾಕಿಸಬೇಡ್ರಿ. ಈಜಿಆರ್ ಅಂದರೆ ಎಂಜಿನ್ ಉಗುಳಿದ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಒಳಗೆ ಬಿಡುವ ವ್ಯವಸ್ಥೆ. ಪಿ0401 ಎಂಬ ದೋಷದ ಕೋಡ್ ಅಂದರೆ ‘ಈಜಿಆರ್ ಹರಿವು ಸಾಲದು’ ಅಂತ. ತಗಡು ಹಾಕಿದರೆ ಆ ಹರಿವು ಪೂರ್ತಿ ನಿಲ್ಲುತ್ತದೆ, ಅಂದರೆ ಈಗ ಬಂದಿರುವ ಕೋಡೇ ಕಾಯಂ ಆಗುತ್ತದೆ. ತೂತು ಇರುವ ತಗಡು ಹಾಕಿದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸ್ವಲ್ಪ ದಿನ ಸುಮ್ಮನಿರುತ್ತದೆ. ತೂತಿನಲ್ಲಿ ಮಸಿ ಕಟ್ಟಿದ ಮೇಲೆ ಲೈಟ್ ಮತ್ತೆ ಬರುತ್ತದೆ.

ನಿಮ್ಮ ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡಿ. ಈಜಿಆರ್ ವಾಲ್ವ್ ಮಾತ್ರ ಮುಚ್ಚಿಕೊಂಡು ಕೂತಿದ್ದರೆ ಕರಿ ಹೊಗೆ ಕಮ್ಮಿ ಆಗಬೇಕಿತ್ತು, ಏಕೆಂದರೆ ಸಿಲಿಂಡರಿಗೆ ಹೋಗುವುದೆಲ್ಲ ಹೊಸ ಗಾಳಿ. ಹೊಗೆ ಹೆಚ್ಚಾಗಿದೆ ಅಂದರೆ ಗಾಳಿಯೇ ಕಮ್ಮಿ ಬೀಳುತ್ತಿದೆ. ಈ ಕೋಡ್, ಈ ಹೊಗೆ ಎರಡನ್ನೂ ಒಟ್ಟಿಗೆ ತರುವ ದೋಷ ಒಂದಿದೆ: ಗಾಳಿ ಒತ್ತಿ ಕಳಿಸುವ ಟರ್ಬೊದಿಂದ ಅದನ್ನು ತಂಪು ಮಾಡುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೆ ಹೋಗುವ ಹೋಸ್ ಸೀಳಿರುವುದು. ಏರ್ ಫಿಲ್ಟರ್ ಪಕ್ಕದ ಗಾಳಿ ಸೆನ್ಸರ್ ಅಳೆದ ಗಾಳಿಯಲ್ಲಿ ಒಂದಷ್ಟು ದಾರಿಯಲ್ಲೇ ಸೋರಿ ಹೋಗುತ್ತದೆ. ಇಸಿಯು ಲೆಕ್ಕದಲ್ಲಿ ಹೊಸ ಗಾಳಿ ಬೇಕಾದ್ದಕ್ಕಿಂತ ಜಾಸ್ತಿ, ಹಾಗಾಗಿ ‘ಈಜಿಆರ್ ಬರುತ್ತಿಲ್ಲ’ ಅನ್ನುತ್ತದೆ. ಅದೇ ಲೆಕ್ಕಕ್ಕೆ ಡೀಸೆಲ್ ಬಿಡುತ್ತದೆ, ಸಿಲಿಂಡರಿನಲ್ಲಿ ಅಷ್ಟು ಗಾಳಿ ಇಲ್ಲದೆ ಹೊಗೆ ಬರುತ್ತದೆ. ಹೋಸಿನ ಜೋಡಣೆ ಹತ್ತಿರ ಹೊಸದಾಗಿ ಎಣ್ಣೆ ಮೆತ್ತಿದ್ದರೆ ಅಲ್ಲೇ ಸೋರಿಕೆ. ಕ್ಲಾಂಪ್ ಬಿಚ್ಚಿ, ಹೋಸನ್ನು ಕೈಯಲ್ಲಿ ಹಿಂಡಿ ಅಡಿಭಾಗವನ್ನೂ ನೋಡಿ. ಹೊರಗಿನಿಂದ ಕಾಣದ ಸೀಳು ಒತ್ತಡ ಬಿದ್ದಾಗ ಮಾತ್ರ ಬಾಯಿ ಬಿಡುತ್ತದೆ.

ಆಮೇಲೆ ಸ್ಕ್ಯಾನರ್ ಹಚ್ಚಿ ಲೈವ್ ಡೇಟಾ ನೋಡಿ. 1.3 ಲೀಟರಿನ ನಾಲ್ಕು ಸಿಲಿಂಡರ್, ಒಂದೊಂದಕ್ಕೆ ಸುಮಾರು 310 ಸಿಸಿ. ಬಿಸಿ ಎಂಜಿನ್ ಸ್ಲೋದಲ್ಲಿದ್ದು (ರೇಸ್ ಕೊಡದೆ ಓಡುತ್ತಿದ್ದು) ಈಜಿಆರ್ ಮುಚ್ಚಿದ್ದಾಗ ಒಂದು ಸ್ಟ್ರೋಕಿಗೆ 300 ಮಿಲಿಗ್ರಾಂ ಆಸುಪಾಸು ಗಾಳಿ ತೋರಿಸಬೇಕು. ಸ್ಕ್ಯಾನರಿನಿಂದಲೇ ವಾಲ್ವ್ ಆಡಿಸುವ ಆಕ್ಚುಯೇಟರ್ ಟೆಸ್ಟ್‌ನಲ್ಲಿ ವಾಲ್ವ್ ತೆರೆಸಿದ ಕೂಡಲೇ ಆ ಅಂಕಿ ಕಣ್ಣಿಗೆ ಕಾಣುವಷ್ಟು ಇಳಿಯಬೇಕು. ಇಳಿಯಲಿಲ್ಲವೆಂದರೆ ದಾರಿ ಮಸಿಯಿಂದ ಕಟ್ಟಿದೆ. ತೆರೆದರೂ ಮುಚ್ಚಿದರೂ ಕಮ್ಮಿಯೇ ಇದ್ದರೆ ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ಸೆನ್ಸರ್ ಕೊಳೆಯಾಗಿದೆ.

ಪ್ರಶ್ನೆ (ಅವರೇ): ಹಂಗಾದ್ರ ತಗಡು ಹಾಕಿಸಿದವರು ಪಿಕಪ್ ಬಂತು ಅಂತಾರಲ್ರಿ, ಅದು ಸುಳ್ಳಾ?

ಉತ್ತರ (ಬಳ್ಳಾರಿ): ಸುಳ್ಳಲ್ಲ, ಆದರೆ ಕಾರಣ ಬೇರೆ. ಅವರ ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡಿರುತ್ತದೆ. ಸರಿ ಇರುವ ಗಾಡಿಯಲ್ಲಿ ರೇಸ್ ಪೂರ್ತಿ ಒತ್ತಿದಾಗ ಇಸಿಯು ಈಜಿಆರ್ ತಾನೇ ಮುಚ್ಚುತ್ತದೆ, ಆ ಹೊತ್ತಿನಲ್ಲಿ ತಗಡಿಗೆ ಮಾಡಲು ಕೆಲಸವೇ ಇಲ್ಲ. ಕೆಟ್ಟ ವಾಲ್ವನ್ನು ತೊಳೆದು ಕೂರಿಸಿದರೂ ಅದೇ ಪಿಕಪ್ ಬರುತ್ತದೆ.

ಈಜಿಆರ್ ಕೆಲಸ ಮಾಡುವುದು ಸ್ಲೋದಲ್ಲಿ, ಅರ್ಧ ರೇಸಿನಲ್ಲಿ. ಸೈಲೆನ್ಸರ್ ಕಡೆಯ ಹೊಗೆಯಲ್ಲಿ ಒಂದು ಪಾಲನ್ನು ತಂಪು ಮಾಡಿ ಒಳಗೆ ವಾಪಸ್ ಬಿಡುತ್ತದೆ. ಆಮ್ಲಜನಕ ಕಮ್ಮಿಯಾಗಿ ಉರಿಯ ತುದಿ ಶಾಖ ಇಳಿಯುತ್ತದೆ. ಆ ಶಾಖ 1,500 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಗಾಳಿಯಲ್ಲಿನ ಸಾರಜನಕವೇ ಸುಟ್ಟು ನೈಟ್ರೋಜನ್ ಆಕ್ಸೈಡ್ ಆಗುವುದು ಬಿರುಸಾಗುತ್ತದೆ. ಇದು ಕಣ್ಣಿಗೆ ಕಾಣುವುದಿಲ್ಲ, ಶ್ವಾಸಕೋಶವನ್ನು ಉರಿಸುತ್ತದೆ, ಬಿಸಿಲಿಗೆ ಓಜೋನ್ ಹುಟ್ಟಿಸುತ್ತದೆ. ರಾಯಚೂರು, ಬಳ್ಳಾರಿಯಂಥ ಬಿಸಿಲಿನ ಊರಿಗೆ ಇದು ಸಣ್ಣ ಮಾತಲ್ಲ. ಡೀಸೆಲ್ ಗಾಡಿಯ ಹೊಗೆ ತಪಾಸಣೆಯಲ್ಲಿ ಅಳೆಯುವುದು ಹೊಗೆಯ ದಟ್ಟಣೆ ಮಾತ್ರ. ತಗಡು ಹಾಕಿದ ಗಾಡಿ ಮಸಿ ಕಮ್ಮಿ ಉಗುಳಿ ಸಲೀಸಾಗಿ ಪಾಸಾಗುತ್ತದೆ. ಪಾಸಾಯಿತು ಅಂದ ಮಾತ್ರಕ್ಕೆ ಗಾಡಿ ಶುದ್ಧ ಅಂತ ತಿಳಿಯಬೇಡಿ.

ತಗಡಿನಿಂದ ಲಾಭವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಮ್ಯಾನಿಫೋಲ್ಡಿಗೆ ಮಸಿ ಹೋಗುವುದು ನಿಲ್ಲುತ್ತದೆ. ಬದಲಿಗೆ ಸ್ಲೋದಲ್ಲಿ ಕಟಕಟ ಸದ್ದು ಏರುತ್ತದೆ, ಅರ್ಧ ರೇಸಿನಲ್ಲಿ ಟರ್ಬೊ ಒತ್ತಡ ಲೆಕ್ಕ ತಪ್ಪಬಹುದು, ಎಷ್ಟೋ ಗಾಡಿ ಲಿಂಪ್ ಮೋಡಿಗೆ (ಇಸಿಯು ಎಳೆತ ಕಮ್ಮಿ ಮಾಡುವ ಸ್ಥಿತಿಗೆ) ಹೋಗುತ್ತವೆ. ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ.

ವಾಲ್ವ್ ತೊಳೆಸುವುದಾದರೆ ಹೀಗೆ. ಎಂಜಿನ್ ಆರಿರಲಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಬೋಲ್ಟಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ, ಅವಸರಪಟ್ಟರೆ ಬೋಲ್ಟ್ ಕತ್ತರಿಸುತ್ತದೆ. ಮೋಟಾರ್ ಇರುವ ಭಾಗವನ್ನು ಯಾವ ದ್ರವದಲ್ಲೂ ಅದ್ದಬಾರದು. ಮಸಿ ಇರುವ ಬಾಯಿಗಷ್ಟೇ ಕಾರ್ಬ್ ಕ್ಲೀನರ್ ಹೊಡೆದು ಹಿತ್ತಾಳೆ ಬ್ರಶ್ಶಿನಿಂದ ಉಜ್ಜಿ. ಅಲ್ಯುಮಿನಿಯಂ ಮ್ಯಾನಿಫೋಲ್ಡನ್ನು ಕಾಸ್ಟಿಕ್ ಸೋಡಾದಲ್ಲಿ ಹಾಕುವವರಿದ್ದಾರೆ, ಅದು ಲೋಹವನ್ನೇ ತಿನ್ನುತ್ತದೆ. ಡೀಸೆಲ್ಲಿನಲ್ಲಿ ರಾತ್ರಿಯಿಡೀ ನೆನೆಸಿದರೆ ಸಾಕು. ಎಂಜಿನ್ ಓಡುತ್ತಿರುವಾಗ ಒಳಗೆ ಸ್ಪ್ರೇ ಬಿಡಲೇಬೇಡಿ. ಆ ದ್ರವವೇ ಇಂಧನವಾಗಿ ಎಂಜಿನ್ ಹಿಡಿತ ತಪ್ಪಿ ಏರಬಹುದು. ಪ್ಯಾಕಿಂಗ್ ಹೊಸದೇ ಹಾಕಿ. ಗಾಳಿ ಸೆನ್ಸರ್‌ಗೆ ಅದರದೇ ಕ್ಲೀನರ್, ಕಾರ್ಬ್ ಕ್ಲೀನರ್ ಬೇಡ. ಕೂರಿಸಿದ ಮೇಲೆ ಸ್ಕ್ಯಾನರ್‌ನಲ್ಲಿ ವಾಲ್ವಿನ ಮುಚ್ಚಿದ ಸ್ಥಾನವನ್ನು ಹೊಸದಾಗಿ ಕಲಿಸಿ, ಇಲ್ಲದಿದ್ದರೆ ಹಳೆ ಲೆಕ್ಕದಲ್ಲೇ ನಡೆದು ಕೋಡ್ ಮರಳುತ್ತದೆ.

ಪ್ರಶ್ನೆ (ಟಿಪ್ಪರ್ ಮಾಲೀಕರು, ತೋರಣಗಲ್ಲು): ನಮ್ದು ಬಿಎಸ್6, ಯೂರಿಯಾ ಹಾಕೋ ಗಾಡಿ. ತಗಡು ಬ್ಯಾಡ, ಲ್ಯಾಪ್‌ಟಾಪ್ ಹಚ್ಚಿ ಸಾಫ್ಟ್‌ವೇರ್‌ನಾಗ ಈಜಿಆರ್ ತೆಗಿತೀವಿ ಅಂತಾರ. ಅದು ನಡಿತದೇನ್ರಿ?

ಉತ್ತರ (ವಾಣಿಜ್ಯ ವಾಹನ ಸರ್ವೀಸ್, ರಾಯಚೂರು): ಅಣ್ಣಾರೆ, 2020ರ ಏಪ್ರಿಲ್ 1ರ ನಂತರದ ಬಿಎಸ್6 ಗಾಡಿಯಲ್ಲಿ ಈಜಿಆರ್ ಒಂಟಿ ಭಾಗವಲ್ಲ. ಈಜಿಆರ್ ನಿಂತರೆ ನೈಟ್ರೋಜನ್ ಆಕ್ಸೈಡ್ ಪೂರ್ತಿ ಅದನ್ನು ಯೂರಿಯಾದಿಂದ ಕಳೆಯುವ ಕ್ಯಾಟಲಿಸ್ಟಿನ ಮೇಲೆ ಬೀಳುತ್ತದೆ. 32.5 ಶೇಕಡಾ ಯೂರಿಯಾದ ಡಿಇಎಫ್ ದ್ರವ ಜಾಸ್ತಿ ಖರ್ಚಾಗುತ್ತದೆ. ಅಷ್ಟಾದರೂ ಸಾಲದಿದ್ದರೆ ಹಿಂದಿನ ಸೆನ್ಸರ್ ಹಿಡಿದು ಮೊದಲು ಎಚ್ಚರಿಕೆ ಲೈಟ್, ಆಮೇಲೆ ಎಂಜಿನ್ ಎಳೆತಕ್ಕೇ ಕತ್ತರಿ. ಸಂಡೂರಿನ ಗುಡ್ಡ ಏರುವಾಗ ಲೋಡಿನೊಂದಿಗೆ ಎಳೆತ ಬಿದ್ದರೆ ಹಿಂದಿನ ಗಾಡಿಗಳಿಗೂ ಅಪಾಯ.

ಸಾಫ್ಟ್‌ವೇರ್‌ನಲ್ಲಿ ತೆಗೆಯುವುದು ಅಂದರೆ ಎಷ್ಟೋ ಸಲ ಕೋಡ್ ಬರದಂತೆ ಬಾಯಿ ಮುಚ್ಚಿಸುವುದು. ನಾಳೆ ನಿಜವಾಗಿ ಸೆನ್ಸರ್ ಕೆಟ್ಟರೂ ಲೈಟ್ ಬರುವುದಿಲ್ಲ. ಮೂಲ ಫೈಲ್ ಇಟ್ಟುಕೊಳ್ಳದೆ ಬರೆದರೆ ವಾಪಸ್ ತರುವುದೂ ಕಷ್ಟ. ಕಾನೂನೂ ಇದೆ: ಕಂಪನಿ ನಮೂದಿಸಿದ ವಿವರಕ್ಕೆ ವಿರುದ್ಧ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ; ಮಾಲಿನ್ಯದ ಮಾನದಂಡ ಮೀರಿದರೆ 190(2)ರ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.

ಅದಿರಿನ ದೂಳಿನಲ್ಲಿ ಓಡುವ ಗಾಡಿಗೆ ನನ್ನ ಸಲಹೆ ಬೇರೆ. ಏರ್ ಫಿಲ್ಟರನ್ನು ಪುಸ್ತಕದಲ್ಲಿ ಬರೆದ ಕಿಲೋಮೀಟರಿನ ಅರ್ಧಕ್ಕೇ ಬಿಚ್ಚಿ ನೋಡಿ. ಫಿಲ್ಟರ್ ಕಟ್ಟಿದರೆ ಗಾಳಿ ಕಮ್ಮಿ, ಗಾಳಿ ಕಮ್ಮಿಯಾದರೆ ಮಸಿ ಜಾಸ್ತಿ, ಆ ಮಸಿಯೇ ಈಜಿಆರ್ ವಾಲ್ವಿಗೆ ಅಂಟುವುದು. ಲೋಡಿಂಗ್ ಸಾಲಿನಲ್ಲಿ ಗಂಟೆಗಟ್ಟಲೆ ಸ್ಲೋದಲ್ಲಿ ಬಿಡುವುದನ್ನು ನಿಲ್ಲಿಸಿದರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ಪ್ರಶ್ನೆ (ಸಿಂಧನೂರು): ಕೂಲೆಂಟ್ ಇಳೀಲಿಕ್ಕತ್ತದ, ಹೊರಗ ಎಲ್ಲೂ ಸೋರಿಕೆ ಇಲ್ಲ. ಈಜಿಆರ್ ಕೂಲರ್ ಹೋಗ್ಯದ ಅಂತಾರ. ತಗಡು ಹಾಕಿದ್ರ ನಿಲ್ತದಾ?

ಉತ್ತರ (ರಾಯಚೂರು): ನಿಲ್ಲುವುದಿಲ್ಲ. ತಗಡು ಹೊಗೆಯ ದಾರಿಯನ್ನು ಮುಚ್ಚುತ್ತದೆ, ಆ ಹೊಗೆಯನ್ನು ಕೂಲೆಂಟಿನಿಂದ ತಂಪು ಮಾಡುವ ಕೂಲರಿನ ಒಳಗಿನ ಸೀಳನ್ನಲ್ಲ. ಒಂದು ಕಡೆ ಮುಚ್ಚಿದರೆ ಕೂಲೆಂಟ್ ಇನ್ನೊಂದು ಕಡೆ ಹರಿಯುತ್ತದೆ. ಮ್ಯಾನಿಫೋಲ್ಡ್ ಕಡೆಗೆ ಹರಿದು ಸಿಲಿಂಡರಿನಲ್ಲಿ ನಿಂತರೆ, ನೀರು ಒತ್ತಿದರೆ ಕುಗ್ಗುವುದಿಲ್ಲವಾದ್ದರಿಂದ, ಸ್ಟಾರ್ಟ್ ಹೊಡೆದ ಗಳಿಗೆಯಲ್ಲೇ ಕನೆಕ್ಟಿಂಗ್ ರಾಡ್ ಬಾಗಬಹುದು. ಎಂಜಿನ್ ತಣ್ಣಗಿದ್ದಾಗ ಕೂಲರಿನಿಂದ ಹೊರಬರುವ ಹೊಗೆ ಪೈಪ್ ಬಿಚ್ಚಿ, ರೇಡಿಯೇಟರ್ ಮುಚ್ಚಳದ ಜಾಗಕ್ಕೆ ಕೈಪಂಪ್ ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಇಪ್ಪತ್ತು ನಿಮಿಷ ಬಿಡಿ. ಪೈಪಿನ ಬಾಯಿ ಒದ್ದೆಯಾದರೆ ಕೂಲರನ್ನೇ ಬದಲಿಸಬೇಕು. ಒಣಗಿದ್ದೂ ಒತ್ತಡ ಇಳಿದರೆ ಹೆಡ್ ಪ್ಯಾಕಿಂಗ್ ನೋಡಿಸಿ. ಅಲ್ಲಿಯವರೆಗೆ ಗಾಡಿ ಓಡಿಸಬೇಡಿ.