ಫಾರ್ಮಿನಲ್ಲಿ ಖಾಲಿ ಉಳಿದ ಸಾಲು

ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆ.

ಮೊನ್ನೆ ಒಬ್ಬ ತಂಗಿ ಇಲ್ಲಿ ಕೇಳಿದ ಪ್ರಶ್ನೆ ಎರಡು ದಿನದಿಂದ ನನ್ನ ತಲೆಯಲ್ಲೇ ಇದೆ. ಮಕ್ಕಳನ್ನು ತಪ್ಪದೆ ಸಂಡೇ ಸ್ಕೂಲಿಗೆ ಕರೆದುಕೊಂಡು ಹೋಗುತ್ತೇನೆ, ರಾತ್ರಿ ಪ್ರಾರ್ಥನೆ ಮಾಡಿಸುತ್ತೇನೆ, ಆದರೆ ನಾನು ಪ್ರಾರ್ಥನೆಗೆ ಕೂತರೆ ಗೋಡೆ ಜೊತೆ ಮಾತಾಡಿದ ಹಾಗಿದೆ ಅಂತ ಬರೆದಿದ್ದರು. ನನ್ನ ಹತ್ತಿರವೇ ಇಲ್ಲದ್ದನ್ನು ಮಕ್ಕಳಿಗೆ ಹೇಗೆ ಕೊಡಲಿ ಅಂತ ಕೇಳಿದ್ದರು. ಹಲವರು ಉತ್ತರ ಕೊಟ್ಟಿದ್ದೀರಿ. ಉಪವಾಸ ಮಾಡಿ, ಒಳ್ಳೆ ಸಭೆ ಹುಡುಕಿ, ಇನ್ನೂ ಜಾಸ್ತಿ ನಂಬಿ ಅಂದಿದ್ದೀರಿ. ಪ್ರೀತಿಯಿಂದಲೇ ಹೇಳಿದ್ದೀರಿ, ಗೊತ್ತು. ಆದರೆ ತಂಗಿ, ನಾನು ಇದೆಲ್ಲವನ್ನೂ ನಾಲ್ಕು ವರ್ಷ ಮಾಡಿದವಳು. ಅದಕ್ಕೇ ನನ್ನ ಸಾಕ್ಷಿಯನ್ನು ಬಚ್ಚಿಡದೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ನಾವು ಇರುವುದು ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ಹತ್ತಿರ. ನನ್ನ ತವರು ಗದಗದ ಪಕ್ಕದ ಬೆಟಗೇರಿ. ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳು 1841ರಲ್ಲಿ ಬೆಟಗೇರಿಗೆ ಬಂದರು, ನಮ್ಮ ಸಭೆಯ ಬೇರು ಅಲ್ಲಿದೆ. ಮಿಶನ್ ಆಸ್ಪತ್ರೆಯನ್ನು ಹಳಬರು ಈಗಲೂ ಜರ್ಮನ್ ದವಾಖಾನೆ ಅಂತಲೇ ಕರೆಯುತ್ತಾರೆ. ಹಾಗಾಗಿ 2011ರಲ್ಲಿ ಒಂದೂವರೆ ವರ್ಷದ ಮಗಳನ್ನು ಎತ್ತಿಕೊಂಡು ನಾವು ಹೊರಟಾಗ ನಮ್ಮವ್ವ ಹೆದರಲಿಲ್ಲ. “ವಾಕ್ಯ ತಂದವರ ಊರಿಗೆ ಹೊಂಟೀರಿ, ಚಲೋ ಆತು” ಅಂದಳು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದ ಮಿಶನರಿ ಮೋಗ್ಲಿಂಗ್ ಅವರು 1881ರಲ್ಲಿ ತೀರಿಕೊಂಡ ಎಸ್ಲಿಂಗನ್‌ಗೆ ನಮ್ಮಲ್ಲಿಂದ ಲೋಕಲ್ ರೈಲಿದೆ. ಕನ್ನಡ ನಿಘಂಟು ಮಾಡಿದ ಕಿಟೆಲ್ ಅವರು 1903ರಲ್ಲಿ ಕಣ್ಣು ಮುಚ್ಚಿದ ಟ್ಯೂಬಿಂಗನ್ ಕೂಡ ದೂರ ಇಲ್ಲ. ಅವ್ವನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಪಕ್ಕದ ಮನೆಯವರನ್ನೂ ಕರೆದು ಕೇಳಿಸುತ್ತಿದ್ದಳು. ಇಲ್ಲಿ ಭಾನುವಾರ ದೇವಾಲಯದ ಬೆಂಚುಗಳು ಬಹುಪಾಲು ಖಾಲಿ ಇರುತ್ತವೆ ಅನ್ನುವುದನ್ನು ಮಾತ್ರ ನಾನು ಅವಳಿಗೆ ಯಾವತ್ತೂ ಹೇಳಲಿಲ್ಲ.

2018ರಲ್ಲಿ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು. ತಮ್ಮ ಮತ್ತು ಅವನ ಹೆಂಡತಿ ನೋಡಿಕೊಂಡರು. ಬೆಡ್‌ಪ್ಯಾನ್ ಇಡುವುದು, ಮೈ ಒರೆಸುವುದು, ಗಂಜಿ ಕುಡಿಸುವುದು ಎಲ್ಲ ಅವರೇ. ಜುಲೈನಲ್ಲಿ ತಮ್ಮ ಫೋನ್ ಮಾಡಿ, ಒಂದು ಹದಿನೈದು ದಿನ ಬಂದು ಹೋಗು ಅಕ್ಕಾ, ಅವ್ವ ನಿನ್ನ ಹೆಸರೇ ಹೇಳತಾಳ ಅಂದ. ರಜೆ ಸಿಗುತ್ತಿಲ್ಲ ಅಂದೆ. ಅದು ಸುಳ್ಳು. ಆಗಸ್ಟ್‌ನಲ್ಲಿ ನನಗೆ ಮೂರು ವಾರ ರಜೆ ಇತ್ತು. ಸ್ಪೇನ್‌ನಲ್ಲಿ ಸಮುದ್ರದ ಹತ್ತಿರ ಮನೆ ಬುಕ್ ಆಗಿತ್ತು, ದುಡ್ಡು ವಾಪಸ್ ಬರುತ್ತಿರಲಿಲ್ಲ. ಕ್ರಿಸ್‌ಮಸ್‌ಗೆ ಹೇಗೂ ಊರಿಗೆ ಹೋಗುತ್ತೇವಲ್ಲ ಅಂದುಕೊಂಡೆ. ನವೆಂಬರಿನಲ್ಲಿ ಅವ್ವ ಹೋದಳು.

ಮಣ್ಣಿಗೆ ಹೋದೆ. ಸಮಾಧಿ ಹತ್ತಿರ ತಮ್ಮ ನನ್ನ ಮುಖ ನೋಡಿ ಒಂದೇ ಮಾತು ಕೇಳಿದ, “ಈಗ ರಜಾ ಸಿಕ್ತೇನು?” ಜನರ ಎದುರಿಗೆ ಹಾಗಂದನಲ್ಲ ಅಂತ ನನಗೆ ಉರಿದುಹೋಯಿತು. ನಾನೂ ಮಾತಾಡಿದೆ, ಆಡಬಾರದ್ದನ್ನೂ ಆಡಿದೆ. ನಾನು ಕಳಿಸಿದ ದುಡ್ಡಿನ ಲೆಕ್ಕ ತೆಗೆದೆ. ಆಮೇಲೆ ನಾಲ್ಕು ವರ್ಷ ನಾವಿಬ್ಬರೂ ಮಾತಾಡಲಿಲ್ಲ.

ಆ ನಾಲ್ಕು ವರ್ಷ ನಾನು ಒಂದು ಭಾನುವಾರವೂ ಆರಾಧನೆ ಬಿಟ್ಟವಳಲ್ಲ. ಇಲ್ಲಿಯ ಕನ್ನಡ ಕೂಟದಲ್ಲಿ ಮಕ್ಕಳಿಗೆ ವಾಕ್ಯ ಕಂಠಪಾಠ ಮಾಡಿಸುತ್ತಿದ್ದೆ. ದಿನಾ ಬೆಳಿಗ್ಗೆ, ಜರ್ಮನಿಯ ಹೆರ್ನ್‌ಹೂಟ್ ಊರಿನ ಸಭೆಯವರು ಹೊರಡಿಸುವ, ದಿನಕ್ಕೊಂದು ಸತ್ಯವೇದದ ವಾಕ್ಯ ಇರುವ ಪುಸ್ತಕ ತೆಗೆಯುತ್ತಿದ್ದೆ. 1731ರಿಂದ ವರ್ಷಾವರ್ಷ ಬರುತ್ತಿರುವ ಪುಟ್ಟ ಪುಸ್ತಕ ಅದು, ಇಲ್ಲಿಯ ವಿಶ್ವಾಸಿಗಳ ಮನೆಗಳಲ್ಲಿ ಕಾಫಿ ಕಪ್ಪಿನ ಪಕ್ಕದಲ್ಲೇ ಇರುತ್ತದೆ. ಓದುತ್ತಿದ್ದೆ, ಮುಚ್ಚುತ್ತಿದ್ದೆ. ಏನೂ ತಾಕುತ್ತಿರಲಿಲ್ಲ. ಪರಿಶುದ್ಧ ಭೋಜನದ ದಿನ ರೊಟ್ಟಿ ಕೈಗೆ ಬಂದಾಗಲೂ ಮನಸ್ಸು ಕಲ್ಲಿನ ಹಾಗಿರುತ್ತಿತ್ತು. ಒಮ್ಮೆ 21 ದಿನ ಉಪವಾಸ ಪ್ರಾರ್ಥನೆ ಮಾಡಿದೆ. ರಾತ್ರಿಯೆಲ್ಲ ಯೂಟ್ಯೂಬಿನಲ್ಲಿ ಉಜ್ಜೀವನ ಸಂದೇಶಗಳನ್ನು ಕೇಳಿದೆ. ದೇವರೇ, ಮೊದಲಿನ ಹಾಗೆ ನನ್ನನ್ನು ಮುಟ್ಟು ಅಂತ ಅತ್ತೆ. ತಮ್ಮನ ವಿಷಯ ಮಾತ್ರ ಪ್ರಾರ್ಥನೆಯಲ್ಲಿ ಒಂದು ದಿನವೂ ಎತ್ತಲಿಲ್ಲ.

ಇಲ್ಲಿ ನಾಮಾನನ ಕಥೆ ಹೇಳಲೇಬೇಕು. ಸತ್ಯವೇದದ ಎರಡನೇ ಅರಸುಗಳು 5ನೇ ಅಧ್ಯಾಯ. ಚಿಕ್ಕಂದಿನಿಂದ ಕೇಳಿದ ಕಥೆ, ಆದರೆ ಅದರ ಬಿಸಿ ನನಗೆ ತಟ್ಟಿದ್ದು ಆಮೇಲೆ. ನಾಮಾನ ಅರಾಮ್ ದೇಶದ ದೊಡ್ಡ ಸೇನಾಪತಿ, ಮೈಯಲ್ಲಿ ಕುಷ್ಠ. ಇಸ್ರಾಯೇಲಿನ ಪ್ರವಾದಿ ಎಲೀಷನ ಬಾಗಿಲಿಗೆ ಕುದುರೆ, ರಥ ಸಮೇತ ಬಂದು ನಿಲ್ಲುತ್ತಾನೆ. ಪ್ರವಾದಿ ಹೊರಗೂ ಬರುವುದಿಲ್ಲ. ಹೋಗಿ ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗು ಅಂತ ಆಳಿನ ಕೈಲಿ ಹೇಳಿ ಕಳಿಸುತ್ತಾನೆ. ನಾಮಾನನಿಗೆ ಸಿಟ್ಟು ಬರುತ್ತದೆ. ಹೊರಗೆ ಬಂದು ನಿಂತು, ದೇವರ ಹೆಸರೆತ್ತಿ, ಕೈಯಾಡಿಸಿ ಗುಣ ಮಾಡುತ್ತಾನೆ ಅಂದುಕೊಂಡಿದ್ದೆ, ನಮ್ಮ ದಮಸ್ಕದಲ್ಲಿ ಇದಕ್ಕಿಂತ ಒಳ್ಳೆ ಹೊಳೆಗಳಿಲ್ಲವಾ ಅನ್ನುತ್ತಾನೆ. ಆಗ ಅವನ ಸೇವಕರು ಕೇಳುತ್ತಾರೆ: ಒಡೆಯಾ, ಅವರು ಏನಾದರೂ ದೊಡ್ಡ ಕೆಲಸ ಹೇಳಿದ್ದರೆ ಮಾಡುತ್ತಿರಲಿಲ್ಲವೇ?

ನಾನೂ ದೊಡ್ಡ ಕೆಲಸ ಎಲ್ಲ ಮಾಡಿದೆ, ಅಲ್ವಾ. ಉಪವಾಸ ಮಾಡಿದೆ, ಕಣ್ಣೀರು ಹಾಕಿದೆ, ಕೂಟದ ಜವಾಬ್ದಾರಿ ಹೊತ್ತೆ. ಹೊಳೆಗೆ ಇಳಿಯುವುದೊಂದನ್ನು ಬಿಟ್ಟು.

2022ರ ಬೇಸಿಗೆಯಲ್ಲಿ ಮಗಳಿಗೆ ದೃಢೀಕರಣದ ಕ್ಲಾಸ್ ಶುರುವಾಗುವುದಿತ್ತು. ಚಿಕ್ಕಂದಿನಲ್ಲಿ ದೀಕ್ಷಾಸ್ನಾನ ಆದ ಮಕ್ಕಳು ಬೆಳೆದ ಮೇಲೆ ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿ ಹೇಳುವುದು ಅದು. ಇಲ್ಲಿ ಹದಿನಾಲ್ಕರ ಆಸುಪಾಸಿನಲ್ಲಿ ದೃಢೀಕರಣ ಕೊಡುತ್ತಾರೆ. ಹದಿನಾಲ್ಕು ತುಂಬಿದರೆ ಯಾವ ಧರ್ಮ ಅನ್ನುವುದನ್ನು ಮಗುವೇ ತೀರ್ಮಾನಿಸಬಹುದು ಅಂತ 1921ರಿಂದಲೂ ಕಾನೂನೇ ಇದೆ. ಜರ್ಮನಿಯಲ್ಲಿರುವವರು ಇದನ್ನು ತಿಳಿದಿರುವುದು ಒಳ್ಳೆಯದು. ಮಗಳು ಅಡುಗೆ ಮನೆ ಮೇಜಿನ ಮೇಲೆ ಫಾರ್ಮ್ ಇಟ್ಟುಕೊಂಡು ತುಂಬುತ್ತಿದ್ದಳು. ನಾನು ಚಪಾತಿ ಲಟ್ಟಿಸುತ್ತಿದ್ದೆ. ಹೆಸರು, ಹುಟ್ಟಿದ ದಿನ, ದೀಕ್ಷಾಸ್ನಾನ ಆದ ಊರು ಎಲ್ಲ ಬರೆದಳು. ಆಮೇಲೆ ‘ಪಾಟೆ’ ಅಂತ ಒಂದು ಸಾಲು. ದೀಕ್ಷಾಸ್ನಾನಕ್ಕೆ ಸಾಕ್ಷಿಯಾಗಿ ನಿಂತವರ ಹೆಸರು, ವಿಳಾಸ ಬರೆಯಬೇಕು. “ಮಾಮಾನ ಅಡ್ರೆಸ್ ಏನಮ್ಮಾ?” ಅಂದಳು. ಬೆಟಗೇರಿ ದೇವಾಲಯದಲ್ಲಿ ಅವಳನ್ನು ತೋಳಲ್ಲಿ ಹಿಡಿದು ನಿಂತವನು ನನ್ನ ತಮ್ಮನೇ. ಮನೆ ಬದಲಾಯಿಸಿದ್ದಾನೆ ಅಂತ ಯಾರೋ ಹೇಳಿದ್ದರು. ಹೊಸ ವಿಳಾಸ ನನಗೆ ಗೊತ್ತಿರಲಿಲ್ಲ. ಆಮೇಲೆ ಬರೀ ಅಂದೆ. ಅವಳು ಆ ಸಾಲು ಹಾಗೇ ಬಿಟ್ಟು ಫಾರ್ಮನ್ನು ಫ್ರಿಜ್ ಮೇಲೆ ಆಯಸ್ಕಾಂತಕ್ಕೆ ಸಿಕ್ಕಿಸಿದಳು.

ಹನ್ನೊಂದು ದಿನ ಅದು ಅಲ್ಲೇ ಇತ್ತು. ಹಾಲು ತೆಗೆಯಲು ಹೋದಾಗಲೆಲ್ಲ ಆ ಖಾಲಿ ಸಾಲು ಕಣ್ಣಿಗೆ ಬೀಳುತ್ತಿತ್ತು. ಮತ್ತಾಯ 5ರಲ್ಲಿ ಯೇಸುಸ್ವಾಮಿ ಹೇಳಿದ್ದು ನಿಮಗೆಲ್ಲ ಗೊತ್ತೇ ಇದೆ. ಕಾಣಿಕೆ ತಂದಿರುವಾಗ ನಿನ್ನ ಮೇಲೆ ಸಹೋದರನ ಮನಸ್ಸಿನಲ್ಲಿ ಏನಾದರೂ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು. ಈ ವಾಕ್ಯವನ್ನು ನಾನೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಯಾವ ದರ್ಶನವೂ ಆಗಲಿಲ್ಲ, ಯಾವ ಧ್ವನಿಯೂ ಕೇಳಲಿಲ್ಲ. ನಾಲ್ಕು ವರ್ಷದಿಂದ ಗೊತ್ತಿದ್ದದ್ದೇ ಇನ್ನೊಮ್ಮೆ ಗೊತ್ತಾಯಿತು ಅಷ್ಟೆ. ನನಗೆ ಧೈರ್ಯ ಇರಲಿಲ್ಲ, ಪ್ರೀತಿಯೂ ಉಕ್ಕಿ ಬರಲಿಲ್ಲ. ಕರ್ತನೇ, ನನಗೇನೂ ಅನ್ನಿಸುತ್ತಿಲ್ಲ, ನೀನು ಹೇಳಿದ್ದೀ ಅಂತ ಮಾಡುತ್ತೇನೆ, ಮುಂದಿನದು ನಿನಗೆ ಬಿಟ್ಟದ್ದು ಅಂದು ಫೋನ್ ತೆಗೆದೆ. ಹಿಂತಿರುಗಿ ನೋಡಿದರೆ, ಅಷ್ಟು ವರ್ಷಗಳಲ್ಲಿ ನಾನು ದೇವರನ್ನು ನಿಜವಾಗಿ ನಂಬಿದ್ದು ಆ ಗಳಿಗೆಯಲ್ಲೇ.

“ಅಕ್ಕಾ? ಊಟಾ ಆತೇನು?” ಅಂದ ತಮ್ಮ. ನಾಲ್ಕು ವರ್ಷ ಆದಮೇಲೆ ಅವನ ಮೊದಲ ಮಾತು ಅದು. ಬೇರೆ ಏನಾದರೂ ಮಾತಾಡಿದರೆ ಆಮೇಲೆ ಇದನ್ನು ಹೇಳಲು ನನ್ನಿಂದ ಆಗುವುದಿಲ್ಲ ಅಂತ ನೇರ ಹೇಳಿಬಿಟ್ಟೆ. ಆಗಸ್ಟ್‌ನಲ್ಲಿ ನನಗೆ ರಜೆ ಇತ್ತು, ಸುಳ್ಳು ಹೇಳಿದೆ, ಸ್ಪೇನ್‌ಗೆ ಹೋಗಿದ್ದೆ.

ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಬಿಟ್ಟು ಏನೂ ಕೇಳಲಿಲ್ಲ.

“ನನಗ ಗೊತ್ತಿತ್ತಕ್ಕಾ. ಫೋಟೋ ನೋಡಿದ್ದೆ. ಅವ್ವಗೂ ಗೊತ್ತಿತ್ತು.”

“ಅವ್ವ ಏನಂದ್ಲು?”

“ಏನೂ ಅನಲಿಲ್ಲ. ಸಮುದ್ರದ ಮುಂದ ಕೂಸು ನಿಂತಿದ್ದ ಫೋಟೋ ಇತ್ತಲ್ಲ, ಅದನ್ನ ದಿನಾ ತೋರಸು ಅಂತಿದ್ಲು.”

ಅವತ್ತು ನಾನು ಅತ್ತಷ್ಟು ಅವ್ವನ ಸಮಾಧಿ ಹತ್ತಿರವೂ ಅತ್ತಿರಲಿಲ್ಲ.

ಆ ರಾತ್ರಿಯೇ ಎಲ್ಲ ಸರಿಹೋಯಿತು ಅಂತ ಸಾಕ್ಷಿ ಹೇಳುವವರಿದ್ದಾರೆ. ನನಗೆ ಹಾಗಾಗಲಿಲ್ಲ. ಮರುದಿನವೂ ಪ್ರಾರ್ಥನೆ ಒಣದಾಗಿಯೇ ಇತ್ತು. ತಮ್ಮನ ಹೆಂಡತಿ ಮಾತಾಡಲು ಇನ್ನೂ ಐದು ತಿಂಗಳು ಹಿಡಿಯಿತು. ಅವಳದ್ದು ನ್ಯಾಯ, ಬೆನ್ನು ನೋಯಿಸಿಕೊಂಡು ಅವ್ವನನ್ನು ಎತ್ತಿ ಕೂರಿಸಿದವಳು ಅವಳೇ. ನಾಮಾನ ಏಳು ಸಲ ಮುಳುಗಿದ. ಮೂರನೇ ಸಲ ಎದ್ದಾಗ, ಐದನೇ ಸಲ ಎದ್ದಾಗ ಮೈ ಸ್ವಲ್ಪವಾದರೂ ವಾಸಿಯಾಗಿತ್ತು ಅಂತ ಸತ್ಯವೇದ ಎಲ್ಲೂ ಹೇಳುವುದಿಲ್ಲ. ನಾನೂ ಪ್ರತಿ ಶನಿವಾರ ಫೋನ್ ಮಾಡುತ್ತಾ ಹೋದೆ. ಒಂದು ದಿನ, ಕ್ರಿಸ್‌ಮಸ್‌ಗೆ ಮುಂಚಿನ ಅಡ್ವೆಂಟ್ ಸಮಯ ಇರಬೇಕು, ಪಾತ್ರೆ ತೊಳೆಯುತ್ತಾ ಅವ್ವ ಹಾಡುತ್ತಿದ್ದ ಗೀತೆ ಗುನುಗುತ್ತಿದ್ದೆ. ಅರ್ಧಕ್ಕೆ ಬಂದಾಗ ನಾನು ದೇವರಿಗೇ ಹಾಡುತ್ತಿದ್ದೇನೆ ಅಂತ ಗೊತ್ತಾಯಿತು. ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ನಿಂತುಕೊಂಡೆ. ನಾಮಾನನ ಮೈ ಚಿಕ್ಕ ಮಗುವಿನ ಮೈ ಹಾಗೆ ಆಯಿತು ಅಂತ ಬರೆದಿದೆಯಲ್ಲ, ಅದು ನನಗೆ ಅರ್ಥವಾದದ್ದು ಆ ಸಿಂಕಿನ ಮುಂದೆ.

ಒಂದು ವಿಷಯ ಸ್ಪಷ್ಟ ಮಾಡಬೇಕು. ನಾನು ಫೋನ್ ಮಾಡಿದ್ದಕ್ಕೆ ದೇವರು ಕೊಟ್ಟ ಕೂಲಿ ಇದು ಅಂತ ದಯವಿಟ್ಟು ತಿಳಿಯಬೇಡಿ. ನಾಮಾನ ಬೆಳ್ಳಿ, ಬಂಗಾರ, ಹತ್ತು ಜೊತೆ ಬಟ್ಟೆ ತಂದಿದ್ದ. ಎಲೀಷ ಒಂದನ್ನೂ ಮುಟ್ಟಲಿಲ್ಲ. ಗುಣ ಆದದ್ದು ದೇವರ ಕೃಪೆಯಿಂದ. ನಾಲ್ಕು ವರ್ಷವೂ ಕೃಪೆ ಬಾಗಿಲಲ್ಲೇ ಇತ್ತು, ಅಗುಳಿ ಹಾಕಿಕೊಂಡು ಒಳಗೆ ಕೂತಿದ್ದವಳು ನಾನು.

ಇನ್ನೊಂದು ಮಾತನ್ನೂ ಒತ್ತಿ ಹೇಳುತ್ತೇನೆ. ಎಲ್ಲ ಒಣಗುವಿಕೆಗೂ ಅವಿಧೇಯತೆಯೇ ಕಾರಣ ಅಲ್ಲ. ಪರದೇಶದಲ್ಲಿ ಚಳಿಗಾಲದ ಕತ್ತಲೆ, ಬಾಣಂತನದಲ್ಲಿ ಹತ್ತಿರ ಯಾರೂ ಇಲ್ಲದ ಒಂಟಿತನ, ನಿದ್ದೆಗೇಡು, ಇವೂ ಮನುಷ್ಯರನ್ನು ಒಣಗಿಸುತ್ತವೆ. ಸಾಕಾಯಿತು, ಪ್ರಾಣ ತೆಗೆದುಬಿಡು ಅಂದ ಇನ್ನೊಬ್ಬ ಪ್ರವಾದಿ ಎಲೀಯನಿಗೆ ದೇವರು ಬೈಯಲಿಲ್ಲ. ಮಲಗಲು ಬಿಟ್ಟನು, ರೊಟ್ಟಿ ನೀರು ಕೊಟ್ಟನು, ಮತ್ತೆ ಮಲಗಲು ಬಿಟ್ಟನು. ಹಾಗಾಗಿ ತಂಗಿ, ರಾತ್ರಿ ನಿದ್ದೆ ಬರುತ್ತಿಲ್ಲ, ಸುಮ್ನೆ ಸುಮ್ನೆ ಅಳು ಬರುತ್ತದೆ ಅಂದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಅದು ನಂಬಿಕೆ ಕಡಿಮೆ ಅಂತ ಅಲ್ಲ. ಯಾರಾದರೂ ನಿಮಗೆ ಹೊಡೆದಿದ್ದರೆ, ಹಿಂಸೆ ಕೊಟ್ಟಿದ್ದರೆ, ಅಂಥವರ ಮನೆಗೆ ವಾಪಸ್ ಹೋಗುವುದು ವಿಧೇಯತೆ ಅಂತಲೂ ನಾನು ಹೇಳುತ್ತಿಲ್ಲ. ಅವರಿಂದ ದೂರ ಇದ್ದೇ ದೇವರ ಹತ್ತಿರ ಇರಬಹುದು.

ಮಕ್ಕಳ ವಿಷಯ ಕೇಳಿದ್ದೀರಿ. ನಾಮಾನನ ಕಥೆ ಶುರುವಾಗುವುದೇ ಒಬ್ಬ ಚಿಕ್ಕ ಹುಡುಗಿಯಿಂದ. ಇಸ್ರಾಯೇಲಿನಿಂದ ಸೆರೆಹಿಡಿದು ತಂದ ಹುಡುಗಿ, ಅವಳ ಹೆಸರು ಕೂಡ ಬರೆದಿಲ್ಲ. ಪರದೇಶ, ಪರಭಾಷೆ, ಪರರ ಮನೆ ಕೆಲಸ. ಆದರೂ ಒಡತಿಗೆ ಹೇಳುತ್ತಾಳೆ, ಧಣಿ ಸಮಾರ್ಯದ ಪ್ರವಾದಿಯ ಹತ್ತಿರ ಹೋದರೆ ವಾಸಿಯಾಗುತ್ತಾರೆ ಅಂತ. ಆ ಹುಡುಗಿ ತನ್ನ ಮನೆಯಲ್ಲಿ ಏನು ಕಂಡಿದ್ದಳೋ, ಅವಳ ತಾಯಿ ಏನು ಮಾಡಿ ತೋರಿಸಿದ್ದಳೋ ಅಂತ ನಾನು ತುಂಬಾ ಸಲ ಯೋಚಿಸಿದ್ದೇನೆ. ನಮ್ಮ ಮಗಳಿಗೆ ನಾನು ಕಲಿಸಿದ ವಾಕ್ಯಗಳಲ್ಲಿ ಅರ್ಧ ಮರೆತುಹೋಗಿವೆ. ಆದರೆ ನಾನು ಫೋನ್ ಮಾಡಿದಾಗ ಅವಳು ಪಕ್ಕದ ರೂಮಿನಲ್ಲಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಅಮ್ಮ ಸುಳ್ಳು ಹೇಳಿದ್ದಳು ಅನ್ನುವುದೂ ಅವಳಿಗೆ ಗೊತ್ತಾಯಿತು, ನಾಚಿಕೆಯಾಯಿತು ನನಗೆ. ಕೆಲವು ವಾರ ಆದಮೇಲೆ ಗಣಿತದ ಟೆಸ್ಟಿನಲ್ಲಿ ಕಾಪಿ ಮಾಡಿದ್ದನ್ನು ತಾನಾಗಿಯೇ ಬಂದು ಹೇಳಿದಳು. ಮೊದಲಾದರೆ ಹೇಳುತ್ತಿರಲಿಲ್ಲ.

2023ರ ಮೇ ತಿಂಗಳಲ್ಲಿ ದೃಢೀಕರಣ ಆಯಿತು. ತಮ್ಮನಿಗೆ ಬರಲು ಆಗಲಿಲ್ಲ. ಆರಾಧನೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲೇ ನಿಂತು ವಿಡಿಯೋ ಕಾಲ್ ಮಾಡಿದೆವು. ಊರಲ್ಲಿ ಮೂರು ಗಂಟೆ ಬಿಸಿಲು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬೆಳಿಗ್ಗೆಯಿಂದ ಕಾದಿದ್ದನಂತೆ. ಮಕ್ಕಳು ಇಲ್ಲಿ ತಮ್ಮ ದೃಢೀಕರಣಕ್ಕೆ ಒಂದು ವಾಕ್ಯ ಆರಿಸಿಕೊಳ್ಳುತ್ತಾರೆ. ಅವಳು 23ನೇ ಕೀರ್ತನೆ ಆರಿಸಿದ್ದಳು. ಮಾಮಾನಿಗೆ ಅದನ್ನು ಮೊದಲು ಜರ್ಮನ್‌ನಲ್ಲಿ ಹೇಳಿದಳು. ಆಮೇಲೆ ಅವನು “ಯೆಹೋವನು ನನಗೆ ಕುರುಬನು” ಅಂತ ಶುರು ಮಾಡಿದ. ಅವಳು ತಡವರಿಸುತ್ತಾ ಅವನ ಹಿಂದೆಯೇ ಕೊನೆತನಕ ಹೇಳಿದಳು.

ತಂಗಿ, ನಿಮ್ಮ ಫ್ರಿಜ್ ಮೇಲಿನ ಖಾಲಿ ಸಾಲು ಯಾವುದು ಅಂತ ನನಗೆ ಗೊತ್ತಿಲ್ಲ. ಅಂಥದ್ದೇನೂ ಇಲ್ಲದೆಯೂ ಇರಬಹುದು. ಇದ್ದರೆ ಅದನ್ನು ಇಲ್ಲಿ ಎಲ್ಲರ ಮುಂದೆ ಬರೆಯುವುದು ಬೇಡ. ಆ ಫೋನ್ ಮಾಡುವ ಮೊದಲು ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಅಂತ ನನಗೆ ತುಂಬಾ ಅನ್ನಿಸಿತ್ತು. ನನಗೆ ಮೆಸೇಜ್ ಹಾಕಿ. ಶನಿವಾರ ಬೆಳಿಗ್ಗೆ ತಮ್ಮನ ಜೊತೆ ಮಾತಾಡಿದ ಮೇಲೆ ನಾನು ಮನೆಯಲ್ಲೇ ಇರುತ್ತೇನೆ. ನೀವು ಫೋನ್ ಮಾಡುವಷ್ಟು ಹೊತ್ತೂ ಈ ಕಡೆ ಪ್ರಾರ್ಥನೆಯಲ್ಲಿ ಕೂತಿರುತ್ತೇನೆ.