ಅಪ್‌ಡೇಟ್: ಮೀನುಗಳು ಚೇತರಿಸಿಕೊಂಡಿವೆ, ತಪ್ಪಾದದ್ದು ಸ್ಪಂಜು ತೊಳೆದದ್ದರಲ್ಲಿ

ತೊಟ್ಟಿಯನ್ನು ಅಷ್ಟು ಶ್ರದ್ಧೆಯಿಂದ ತೊಳೆದರೂ ನೀರು ಹಾಲು ಬೆರೆಸಿದಂತೆ ಮಬ್ಬಾಗಿದೆ, ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿವೆ, ಏಕೆ ಎಂದು ಆರು ವಾರಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ನೀವು ಊಹಿಸಿದ್ದೇ ನಿಜ. ಫಿಲ್ಟರ್‌ನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಕಂದು ಬಣ್ಣವೆಲ್ಲ ಹೋಗುವವರೆಗೆ ಹಿಂಡಿದ್ದೆ. ಮೀನುಗಳ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದೂ ವಿಷವೇ ಆದ ನೈಟ್ರೈಟನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಇದ್ದದ್ದೇ ಆ ಸ್ಪಂಜಿನಲ್ಲಿ. ಅಳಿದುಳಿದವನ್ನು ನಲ್ಲಿ ನೀರಿನ ಕ್ಲೋರಿನ್ ಕೊಂದಿರಬೇಕು. ಅಂದು ರಾತ್ರಿ ಪರೀಕ್ಷಿಸಿದಾಗ ನಳಿಕೆಯಲ್ಲಿ ಹಳದಿಯಾಗಿ ಉಳಿಯಬೇಕಿದ್ದ ನೀರು ಕಣ್ಣೆದುರೇ ಹಸಿರಾಯಿತು: ಅಮೋನಿಯಾ 2 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ ಎರಡು ಭಾಗ). ಎರಡು ಮೀನುಗಳು ಸತ್ತವು. ಆ ನೋವು ಇನ್ನೂ ಇದೆ.

ಮರುದಿನದಿಂದ ಪ್ರತಿದಿನ ಮೂರನೇ ಒಂದು ಭಾಗ ನೀರು ಬದಲಿಸಿದೆ. ಹೊಸ ನೀರಿಗೆ ಮೊದಲೇ ಕ್ಲೋರಿನ್ ನಿವಾರಕ ಹಾಕಿ, ತೊಟ್ಟಿಯ ನೀರಿನಷ್ಟೇ ಬೆಚ್ಚಗಿದೆಯೇ ಎಂದು ನೋಡಿಕೊಂಡೆ. ಆಹಾರ ದಿನ ಬಿಟ್ಟು ದಿನ, ಒಂದು ಚಿಟಿಕೆ ಮಾತ್ರ. ಮೂರನೇ ವಾರ ಅಮೋನಿಯಾ ಇಳಿದರೆ ನೈಟ್ರೈಟ್ ಏರಿತು. ಆಗ ನಿಜಕ್ಕೂ ಧೈರ್ಯಗೆಟ್ಟಿದ್ದೆ. ನಿಮ್ಮಲ್ಲೊಬ್ಬರು ಸ್ವಲ್ಪ ಉಪ್ಪು ಹಾಕಲು ಹೇಳಿದ್ದು ಆಗ ನೆರವಾಯಿತು. ಉಪ್ಪಿನ ಕ್ಲೋರೈಡ್, ಕಿವಿರುಗಳ ಮೂಲಕ ನೈಟ್ರೈಟ್ ಒಳಸೇರುವುದನ್ನು ತಡೆಯುತ್ತದೆ.

ಹತ್ತು ದಿನಗಳಿಂದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಮೀನುಗಳು ಮತ್ತೆ ಗಿಡಗಳ ನಡುವೆ ಓಡಾಡುತ್ತಿವೆ. ಸ್ಪಂಜನ್ನು ಈಗ ತೊಟ್ಟಿಯಿಂದಲೇ ತೆಗೆದ ನೀರಿನ ಬಕೆಟ್‌ನಲ್ಲಿ ಎರಡು ಬಾರಿ ಅದ್ದಿ ಹಿಂಡುತ್ತೇನೆ, ಅಷ್ಟೇ. ನೈಟ್ರೇಟ್ ಮಾತ್ರ 20ರಿಂದ ಕೆಳಗಿಳಿಯುತ್ತಿಲ್ಲ. ನಲ್ಲಿಯ ನೀರಿನಲ್ಲೇ ಅದು ಇದೆಯೇ ಎಂದು ನಾಳೆ ಪರೀಕ್ಷಿಸುತ್ತೇನೆ.